ಮಂಡಿ ಲೆಕ್ಕದ ಸಾಫ್ಟ್‌ವೇರ್: ಮಾತಿಗೆ ಮೊದಲು ಅಳತೆ ಕೇಳಿದವರು

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲಾಲಿ ಮಂಡಿ. ರೈತರಿಗೆ ಕೊಡುವ ಲೆಕ್ಕಪಟ್ಟಿಗಾಗಿ ಊರಿನದೇ ಒಂದು ಸಣ್ಣ ತಂಡದಿಂದ ಸಾಫ್ಟ್‌ವೇರ್ ಮಾಡಿಸಿದ್ದೇವೆ. ಒಂದು ಸುಗ್ಗಿ ಪೂರ್ತಿ ಬಳಸಿ ನೋಡಿ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ಬೇರೆಯವರ ಹತ್ತಿರ ಮಾಡಿಸಿದ್ದೆವು. "ಸೂಪರ್ ಫಾಸ್ಟ್ ಸಾರ್" ಅಂದಿದ್ದರು. ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಾಗ ಪರದೆ ಸುತ್ತುತ್ತಲೇ ಇರುತ್ತಿತ್ತು. ಕೇಳಿದರೆ, ನಮ್ಮಲ್ಲಿ ಸರಿಯಾಗೇ ಓಡುತ್ತಿದೆ ಅನ್ನೋರು. ಅಳತೆಯೇ ಇಲ್ಲದ ಮಾತಿಗೆ ಜಗಳ ಆಡೋದು ಹೇಗೆ?

ಈ ತಂಡದ ಹುಡುಗಿ ಮೊದಲ ದಿನವೇ ಕೇಳಿದಳು, "ಬೇಗ ಅಂದ್ರೆ ಎಷ್ಟು ಸೆಕೆಂಡು ಅಣ್ಣ?" ಸರಾಸರಿ 3 ಸೆಕೆಂಡು ಅಂದೆ. ಸರಾಸರಿ ಬೇಡ ಅಂದಳು. 90 ಪಟ್ಟಿ 1 ಸೆಕೆಂಡಿಗೆ ಬಂದು, 10 ಪಟ್ಟಿ 20 ಸೆಕೆಂಡು ತಗೊಂಡರೂ ಸರಾಸರಿ 2.9 ಬರುತ್ತದೆ. ಆ ಹತ್ತು ರೈತರಿಗೆ ಏನು ಹೇಳ್ತೀರಿ? ಕೊನೆಗೆ ಒಪ್ಪಂದದಲ್ಲಿ ಬರೆದಿದ್ದು ಹೀಗೆ: ನಾಲ್ಕೂ ಕಂಪ್ಯೂಟರ್ ಒಟ್ಟಿಗೆ ಓಡುವಾಗ 100ರಲ್ಲಿ 95 ಪಟ್ಟಿ 3 ಸೆಕೆಂಡಿನೊಳಗೆ ಬರಬೇಕು, ಯಾವುದೂ 8 ದಾಟಬಾರದು.

ನಿಲ್ಲದೆ ಓಡುವ ವಿಷಯವೂ ಅಷ್ಟೇ. 99% ಅಂದರೆ ಕೇಳೋಕೆ ಚೆನ್ನ. ಆದರೆ ತಿಂಗಳಲ್ಲಿ 7 ಗಂಟೆ ನಿಂತರೂ ಅವರು ಮಾತು ಉಳಿಸಿಕೊಂಡಂತೆ. ಅಷ್ಟೂ ನವೆಂಬರಿನ ಒಂದೇ ದಿನ ಬಂದರೆ ನಮ್ಮ ಗತಿ? ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವ್ಯಾಪಾರದ ಹೊತ್ತಿನಲ್ಲಿ ತಿಂಗಳಿಗೆ 15 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು ಅಂತ ಬರೆಸಿದೆವು. ತಿಪ್ಪೇಸ್ವಾಮಿ ಅಂತ ಹೊಡೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬರಬಾರದು ಅನ್ನೋದೂ ಒಪ್ಪಂದದಲ್ಲಿದೆ. ಅದನ್ನು ನೋಡೋಕೆ ನಮ್ಮ ಹಳೇ ಖಾತೆಯ 200 ಹೆಸರುಗಳನ್ನೇ ಮುದ್ರಿಸಿ ತೋರಿಸಿದರು. ಒಂದೂ ಕೆಟ್ಟಿರಲಿಲ್ಲ.

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 9001ರ 2015ರ ಆವೃತ್ತಿಯಲ್ಲಿ 6.2ನೇ ಭಾಗ ಇದನ್ನೇ ಕೇಳುತ್ತದಂತೆ: ಗುರಿ ಅಳೆಯುವಂತಿರಬೇಕು, ಹೊಣೆ ಯಾರದು, ಯಾವಾಗ ಮುಗಿಯಬೇಕು, ಫಲಿತಾಂಶ ನೋಡೋದು ಹೇಗೆ ಅನ್ನೋದೂ ಮೊದಲೇ ಗೊತ್ತಿರಬೇಕು. ಇವರ ಹತ್ತಿರ ಆ ಸರ್ಟಿಫಿಕೇಟ್ ಇಲ್ಲ, ಕೆಲಸ ಮಾತ್ರ ಹಾಗೇ ಇದೆ. ತಿಂಗಳ ಮೊದಲ ವಾರ ಅಂಕಿಗಳ ಹಾಳೆ ತಂದು ಕೊಡುತ್ತಾರೆ. ನವೆಂಬರಿನಲ್ಲಿ ನಿಂತಿದ್ದು 22 ನಿಮಿಷ. ಮುಚ್ಚಿಡದೆ ಅವರೇ ಬರೆದು, ಒಪ್ಪಂದದಂತೆ ಆ ತಿಂಗಳ ಬಾಡಿಗೆಯಲ್ಲಿ ಕಡಿಮೆ ಮಾಡಿಕೊಂಡರು. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಆಗಲೇ.

ಕೊರತೆ ಒಂದಿದೆ. ದಿನಾ ರಾತ್ರಿ ಬ್ಯಾಕಪ್ ಆಗುತ್ತದೆ, ಸರಿ. ಕಂಪ್ಯೂಟರ್ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಲೆಕ್ಕ ವಾಪಸ್ ಬರುತ್ತದೆ ಅಂತ ಎಲ್ಲೂ ಬರೆದಿಲ್ಲ. ಈ ಸಲ ಸಹಿ ಹಾಕೋ ಮುಂಚೆ ಅದನ್ನೂ ಗಂಟೆ ಲೆಕ್ಕದಲ್ಲಿ ಬರೆಸುತ್ತೇನೆ, ನನ್ನೆದುರೇ ಒಮ್ಮೆ ವಾಪಸ್ ತಂದು ತೋರಿಸಲೂ ಹೇಳುತ್ತೇನೆ.