ಗದ್ದೆಯ ಗಾಳಿಗೆ ಯಾವ ವಿಮಾನ: ಟ್ರೈನರ್, ಜೈರೋ, ಫ್ಲೈಯಿಂಗ್ ವಿಂಗ್

ಕೊಡಗಿನಲ್ಲಿ ರಿಮೋಟ್ ವಿಮಾನ ಹಾರಿಸುವವರಿಗೆ ಬಯಲೆಂದರೆ ಹುತ್ತರಿ ಕಳೆದು ಕೊಯ್ಲಾದ ಗದ್ದೆ. ಅಂಚಿಗೆ ಕಾಫಿ ತೋಟ, ಅದರಲ್ಲಿ ಎತ್ತರದ ಸಿಲ್ವರ್ ಓಕ್. ಗಾಳಿ ಈ ಮರಗಳನ್ನು ದಾಟಿ ಇಳಿಯುವಾಗ ಸುಳಿಸುಳಿಯಾಗಿ ಒಡೆಯುತ್ತದೆ. ಆದ್ದರಿಂದ ಬಯಲುಸೀಮೆಯ ಅನುಭವ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಮೂರು ಬಗೆಯನ್ನೂ ಒಂದೇ ಗದ್ದೆಯಲ್ಲಿ ಹಾರಿಸಿದ ಮೇಲೆ ನನ್ನ ಆಯ್ಕೆ ಸ್ಪಷ್ಟವಾಗಿದೆ: ಇಡೀ ವಿಮಾನವೇ ಒಂದು ರೆಕ್ಕೆಯಂತಿರುವ ಫ್ಲೈಯಿಂಗ್ ವಿಂಗ್.

ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಪಟ್ಟಿ) ಇಲ್ಲದ ಫೋಮ್ ಟ್ರೈನರ್ ಕಲಿಯುವವರಿಗೆ ವರ. ಮೇಲಕ್ಕೆ ಬಾಗಿದ ರೆಕ್ಕೆಗಳಿಂದಾಗಿ, ಗಾಳಿಯಿಲ್ಲದಾಗ ಸ್ಟಿಕ್ ಬಿಟ್ಟರೂ ತಾನಾಗಿ ನೇರವಾಗುತ್ತದೆ. ಅಡ್ಡಗಾಳಿ ಬೀಸಿದಾಗ ಅದೇ ಬಾಗು ತೊಡಕಾಗುತ್ತದೆ. ಗಾಳಿ ಬಂದ ಕಡೆಯ ರೆಕ್ಕೆ ಎದ್ದು ವಿಮಾನ ವಾಲುತ್ತದೆ. ದಿಕ್ಕು ತಿರುಗಿಸುವ ಬಾಲದ ಪಟ್ಟಿಯಾದ ರಡ್ಡರ್‌ಗೆ ಅದು ಮಣಿಯುವಷ್ಟರಲ್ಲಿ ತೋಟದ ಬೇಲಿ ಎದುರಿಗಿರುತ್ತದೆ. ನನ್ನದರಲ್ಲಿ ರೆಕ್ಕೆಯ ಒಂದು ಚದರ ಡೆಸಿಮೀಟರ್‌ಗೆ ಬೀಳುವ ಭಾರ ಸುಮಾರು 25 ಗ್ರಾಂ ಮಾತ್ರ. ಎದುರುಗಾಳಿ ಜೋರಾದರೆ ಮೋಟಾರ್ ಭೋರ್ಗರೆಯುತ್ತಿದ್ದರೂ ಗದ್ದೆಯ ಬದುವಿನ ಮೇಲೆ ನಿಂತಲ್ಲೇ ನಿಲ್ಲುತ್ತದೆ.

ಐಲೆರಾನ್ ಇರುವ ವಿಮಾನಕ್ಕೆ ಜೈರೋ (ವಿಮಾನ ವಾಲುವುದನ್ನು ಗ್ರಹಿಸಿ ತಾನಾಗಿ ತಿದ್ದುವ ಸಣ್ಣ ಸಾಧನ) ಹಾಕಿದಾಗ ಹಾರಾಟ ಬಹಳ ಸಮಾಧಾನವಾಗುತ್ತದೆ. ನಮ್ಮ ಬೆರಳಿಗಿಂತ ಬೇಗ ಅದು ರೆಕ್ಕೆಯನ್ನು ಸರಿಪಡಿಸುತ್ತದೆ. ಆದರೆ ವೇಗ ಸತ್ತಾಗ ಐಲೆರಾನ್‌ಗೇ ಬಲವಿರುವುದಿಲ್ಲ, ಜೈರೋ ಏನು ಮಾಡೀತು?

ಫ್ಲೈಯಿಂಗ್ ವಿಂಗ್‌ಗೆ ಬಾಲವಿಲ್ಲ, ಚಕ್ರವಿಲ್ಲ; ಕೈಯಿಂದ ಎಸೆದು ಹಾರಿಸಬೇಕು. ನನ್ನದರ ಭಾರ ಚದರ ಡೆಸಿಮೀಟರ್‌ಗೆ 35 ಗ್ರಾಂ ಆಸುಪಾಸು, ರೆಕ್ಕೆ ತೆಳು. ಸುಳಿಗಾಳಿಯನ್ನು ಸೀಳಿಕೊಂಡು ಹೋಗುವ ಅದರ ಗತ್ತನ್ನು ನೋಡಿಯೇ ತಿಳಿಯಬೇಕು. ಇಪಿಪಿ ಎಂಬ ಬಾಗಿ ಮರಳುವ ಫೋಮ್ ಆದ್ದರಿಂದ ಒಣಗಿದ ಕೂಳೆಯ ಮೇಲೆ ಹೊಟ್ಟೆಯೂರಿ ಇಳಿದರೂ ಮುರಿಯುವುದಿಲ್ಲ. ಬ್ಯಾಟರಿ ಕೆಲವೇ ಮಿಲಿಮೀಟರ್ ಹಿಂದೆ ಸರಿದರೂ ಮೂತಿ ಎತ್ತಿ ಕುಣಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ದೂರದಲ್ಲಿ ಬರೀ ಗೆರೆಯಂತೆ ಕಾಣುವುದರಿಂದ ಅಡಿಭಾಗಕ್ಕೆ ಗಾಢ ಬಣ್ಣದ ಟೇಪ್ ಅಂಟಿಸಿ.

ಮೂರಕ್ಕೂ ಒಂದು ಎಚ್ಚರಿಕೆ. ಬೆನ್ನಗಾಳಿಯಲ್ಲಿ ವಿಮಾನ ನುಗ್ಗುವಂತೆ ಕಾಣುತ್ತದೆ; ಅದನ್ನು ಕಂಡು ಥ್ರಾಟಲ್ (ಮೋಟಾರ್‌ನ ಶಕ್ತಿ) ಇಳಿಸಬೇಡಿ. ನೆಲಕ್ಕೆ ಹೋಲಿಸಿದರೆ ಮಾತ್ರ ಆ ವೇಗ, ರೆಕ್ಕೆಗೆ ತಗಲುವ ಗಾಳಿ ಹೆಚ್ಚಿರುವುದಿಲ್ಲ. ಮಡಿಕೇರಿಯಂಥ ಸುಮಾರು 1150 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡಾ 10ರಷ್ಟು ತೆಳು, ಹಾಗಾಗಿ ಇಳಿಸುವಾಗಲೂ ತುಸು ಹೆಚ್ಚಿನ ವೇಗವೇ ಬೇಕು. ಗಾಳಿಗೆ ಎದುರಾಗಿ, ಮೋಟಾರ್ ನಿಲ್ಲಿಸದೆ ಇಳಿಸಿ.

ಹೊಸಬರು ಟ್ರೈನರ್ ಅನ್ನೇ ಕೊಳ್ಳಲಿ, ಗಾಳಿ ಏಳುವ ಮೊದಲು ಬೆಳಿಗ್ಗೆ ಹಾರಿಸಲಿ. ಎರಡನೆಯ ವಿಮಾನಕ್ಕೆಂದು ಕೂಡಿಟ್ಟ ಹಣವನ್ನು ಜೈರೋಗೆ ಸುರಿಯುವ ಬದಲು ವಿಂಗ್‌ಗೆ ಹಾಕಿ.