ನಮ್ಮ ಮನೆಯ ಎರಡು ಶಾಕುಂತಲ

ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಅರ್ಧ ಗಂಟೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ರೂಢಿ. ಈ ವರ್ಷ ಕಾಳಿದಾಸನ ಶಾಕುಂತಲವನ್ನು ಹತ್ತೊಂಬತ್ತನೆಯ ಶತಮಾನದ ಎರಡು ಕನ್ನಡ ಅನುವಾದಗಳಲ್ಲಿ ಓದಿದೆವು: ಒಂದು ಬಸವಪ್ಪ ಶಾಸ್ತ್ರಿಗಳದು, ಇನ್ನೊಂದು ಚುರಮುರಿ ಶೇಷಗಿರಿರಾಯರದು. ನನ್ನ ಮನಸ್ಸು ಮೊದಲಿನಿಂದಲೂ ಶಾಸ್ತ್ರಿಗಳ ಕಡೆಗೇ.

ಶಾಸ್ತ್ರಿಗಳು (1843–1891) ಮೈಸೂರಿನ ಆಸ್ಥಾನಕವಿ; ಮೈಸೂರು ಸಂಸ್ಥಾನದ ನಾಡಗೀತೆಯಾಗಿದ್ದ ‘ಕಾಯೌ ಶ್ರೀಗೌರಿ’ ಬರೆದವರು. ಚಾಮರಾಜ ಒಡೆಯರು ಅವರನ್ನು ‘ಅಭಿನವ ಕಾಳಿದಾಸ’ ಎಂದದ್ದು ಬರಿಯ ಉಪಚಾರವಲ್ಲ ಎಂಬುದಕ್ಕೆ ನಾಲ್ಕನೆಯ ಅಂಕವೊಂದೇ ಸಾಕು. ಶಕುಂತಲೆಯನ್ನು ಗಂಡನ ಮನೆಗೆ ಕಳುಹಿಸುವ ಕಣ್ವನ ಪದ್ಯವನ್ನು ಅಪ್ಪ ಎರಡು ಬಾರಿ ಓದಿಸಿದರು. ಮೂರನೆಯ ಬಾರಿಗೆ ಸಾಕು ಎಂದು ಕೈಸನ್ನೆ ಮಾಡಿ ಎದ್ದು ಹೋದರು.

ಸಂಕಟವೆಲ್ಲ ಶಾಸ್ತ್ರಿಗಳ ಅನುವಾದದ, ನಾನು ಕೊಂಡ ಪ್ರತಿಯದು. ಆನ್‌ಲೈನಿನಲ್ಲಿ 480 ರೂಪಾಯಿ ಕೊಟ್ಟು ತರಿಸಿದ್ದು ಹೊಸ ಮುದ್ರಣವಾಗಿರಲಿಲ್ಲ; ಹಳೆಯ ಪುಸ್ತಕದ ಸ್ಕ್ಯಾನನ್ನೇ ಅಚ್ಚು ಹಾಕಿ ರಟ್ಟು ಕಟ್ಟಿದ್ದರು. ಅಂಚು ಕತ್ತರಿಸುವಾಗ ಸಾಲುಗಳ ಕೊನೆಯ ಅಕ್ಷರಗಳೂ ಹೋಗಿದ್ದವು. ಗದ್ಯವಾದರೆ ಊಹಿಸಿಕೊಳ್ಳಬಹುದು. ವೃತ್ತದಲ್ಲಿ ಒಂದು ಅಕ್ಷರ ಹೋದರೂ ಗಣ ಕೆಡುತ್ತದೆ, ನಾಲಗೆ ತಡವರಿಸುತ್ತದೆ.

ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಎಲ್ಲವೂ ಮಸಿಯ ಚುಕ್ಕೆ. ಒತ್ತು ಕಾಣದಿದ್ದರೆ ಅದರ ಹಿಂದಿನ ಅಕ್ಷರ ಗುರುವೋ ಲಘುವೋ ತಿಳಿಯುವುದಿಲ್ಲ. ಕಣ್ಣಿನಲ್ಲಿ ಓದುವವರು ದಾಟಿಕೊಂಡು ಹೋದಾರು. ಎದುರಿಗೆ ಕಿವಿಗೊಟ್ಟು ಕುಳಿತವರಿದ್ದಾಗ ದಾಟುವುದು ಹೇಗೆ? ಹಿಂದಿರುಗಿಸುತ್ತೇನೆ ಎಂದರೆ, ಹಳೆಯ ಪುಸ್ತಕ ಇರುವುದೇ ಹೀಗೆ ಎಂಬ ಉತ್ತರ ಬಂತು. ಬಹಳ ನೊಂದುಕೊಂಡೆ.

ಚುರಮುರಿ ಶೇಷಗಿರಿರಾಯರ ಅನುವಾದ ಇದಕ್ಕಿಂತ ಮೊದಲಿನದು, ಧಾರವಾಡದ ಕಡೆಯದು. ಗ್ರಂಥಾಲಯದಲ್ಲಿ ಸಿಕ್ಕಿತು, ಖರ್ಚಿಲ್ಲ. ಉಂಗುರ ಸಿಕ್ಕ ಬೆಸ್ತ ಕಾಳಿದಾಸನಲ್ಲಿ ಪ್ರಾಕೃತ ಆಡಿದರೆ ಇಲ್ಲಿ ಧಾರವಾಡದ ಆಡುಮಾತು ಆಡುತ್ತಾನೆ. ಆ ಒಂದು ದೃಶ್ಯದಲ್ಲಿ ಶಾಸ್ತ್ರಿಗಳಿಗಿಂತ ಇವರೇ ಮೇಲು ಎಂದು ಒಪ್ಪುತ್ತೇನೆ. ಅಪ್ಪ ಮನಸಾರೆ ನಕ್ಕದ್ದೂ ಅಲ್ಲಿಯೇ.

ನಾಟಕ ಆಡಿಸುವವರು ಚುರಮುರಿಯವರನ್ನು ಹಿಡಿಯಲಿ. ಪದ್ಯವನ್ನು ಬಾಯಲ್ಲಿ ಆಡಿಸಿ ಸುಖಪಡುವ ನನ್ನಂಥವರಿಗೆ ಶಾಸ್ತ್ರಿಗಳೇ ಬೇಕು. ಆದರೆ ಒಳಪುಟ ನೋಡದೆ ಹಣ ಕೊಡಬೇಡಿ. ನಾನೀಗ ಶನಿವಾರಗಳಂದು ಗ್ರಂಥಾಲಯದ ಹಳೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು, ನನ್ನ ಪ್ರತಿಯಲ್ಲಿ ಹೋದ ಅಕ್ಷರಗಳನ್ನು ಪೆನ್ಸಿಲಿನಿಂದ ತುಂಬುತ್ತಿದ್ದೇನೆ. ನಾಲ್ಕನೆಯ ಅಂಕ ಮುಗಿದಿದೆ.