ನನ್ನ ಸಿಮ್ ಕಂಪನಿಯ ಹವಾಮಾನ ವರದಿ: ಹಿಂದಿನ ಪುಟಗಳಿಂದ ಓದಲು ಶುರುಮಾಡಿ

ಸಿಗ್ನಲ್ ಹೇಗಿದೆ, ನೆಟ್ ಸ್ಪೀಡ್ ಎಷ್ಟಿದೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ನನ್ನ ಸಿಮ್ ಕಂಪನಿ ಪ್ರತಿವರ್ಷ ಹೊರತರುವ ಹವಾಮಾನ ವರದಿಯ ಬಗ್ಗೆ. ಮಳೆ-ಬಿಸಿಲಿನ ವರದಿಯಲ್ಲ; ಕಂಪನಿಯಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತು, ಅದನ್ನು ಹೇಗೆ ಇಳಿಸುತ್ತಾರೆ ಅನ್ನುವ ಲೆಕ್ಕ. ಟವರ್ ಸೈಟ್‌ಗಳಲ್ಲಿ ಜನರೇಟರ್ ಮತ್ತು ಬ್ಯಾಟರಿ ನೋಡಿಕೊಳ್ಳುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಹಾಗಾಗಿ ಇಂಥ ವರದಿ ಕೈಗೆ ಬಂದರೆ ಮೊದಲು ಹುಡುಕುವುದು ಡೀಸೆಲ್ ಲೆಕ್ಕವನ್ನೇ.

ಮುಖಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಗುರಿ ಇದೆ: 2040ಕ್ಕೆ ನೆಟ್ ಝೀರೋ, ಅಂದರೆ ಹೊರಸೂಸುವಿಕೆಯನ್ನು ಆದಷ್ಟು ಇಳಿಸಿ, ಉಳಿದದ್ದನ್ನು ಗಾಳಿಯಿಂದ ಹಿಂತೆಗೆದು ಸರಿದೂಗಿಸುವುದು. ಗುರಿ ಒಳ್ಳೆಯದೇ. ಮೊಬೈಲ್ ಕಂಪನಿಗಳ ಜಾಗತಿಕ ಸಂಘವಾದ ಜಿಎಸ್ಎಂಎ ಇಡೀ ಉದ್ಯಮಕ್ಕೆ ಹಾಕಿಕೊಂಡ ಗಡುವು 2050. ವೊಡಾಫೋನ್, ಡಾಯ್ಚ ಟೆಲಿಕಾಮ್ ಕೂಡ 2040 ಅಂತಲೇ ಹೇಳಿವೆ. ಆದರೆ ನನಗೆ ಬೇಕಾದದ್ದು 2030ರ ಲೆಕ್ಕ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2020ರಲ್ಲೇ ಒಂದು ದಾರಿ ಹಾಕಿಕೊಟ್ಟಿದೆ. ಈ ವಲಯ 2020ರಿಂದ 2030ರ ಒಳಗೆ ತನ್ನ ಹೊರಸೂಸುವಿಕೆಯನ್ನು ಶೇ. 45ರಷ್ಟು ಇಳಿಸಬೇಕು. ಇದರ ಎದುರು ಈ ಕಂಪನಿ ಎಲ್ಲಿ ನಿಂತಿದೆ?

ಇಲ್ಲೇ ತೊಡಕು ಶುರು. ಲೆಕ್ಕದಲ್ಲಿ ಮೂರು ಖಾನೆಗಳಿವೆ. ಕಂಪನಿ ತಾನೇ ಸುಡುವ ಇಂಧನ ಸ್ಕೋಪ್ 1. ಕೊಳ್ಳುವ ಕರೆಂಟ್ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ಉಪಕರಣ ತಯಾರಿಕೆ, ಸಾಗಾಟ, ಬಾಡಿಗೆ ಜಾಗ, ಗ್ರಾಹಕರ ಫೋನು. ವರದಿಯ ಗ್ರಾಫ್‌ನಲ್ಲಿ ಸ್ಕೋಪ್ 1 ಒಂದೇ ವರ್ಷದಲ್ಲಿ ದಡಕ್ಕನೆ ಇಳಿದಿದೆ. ಆ ವರ್ಷ ಏನಾಯಿತು ಅಂತ ನನಗೆ ಗೊತ್ತು. ಕಂಪನಿ ತನ್ನ ಟವರ್‌ಗಳನ್ನು ಬೇರೊಂದು ಟವರ್ ಕಂಪನಿಗೆ ಮಾರಿ, ಅವುಗಳಲ್ಲೇ ಬಾಡಿಗೆಗೆ ಕೂತಿತು. ಜನರೇಟರ್ ಅದೇ, ಡೀಸೆಲ್ ಟ್ಯಾಂಕ್ ಅದೇ, ಹೊಗೆಯೂ ಅದೇ. ಲೆಕ್ಕ ಮಾತ್ರ ಒಂದನೇ ಖಾನೆಯಿಂದ ಮೂರನೆಯದಕ್ಕೆ ಹೋಯಿತು.

ಇದು ಸಣ್ಣ ಮೊತ್ತವಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗಂಟೆಗೆ 2 ಲೀಟರ್ ಕುಡಿಯುವ ಜನರೇಟರ್ ದಿನಕ್ಕೆ 8 ಗಂಟೆ ಓಡಿದರೆ ದಿನಕ್ಕೆ 43 ಕೆಜಿ, ವರ್ಷಕ್ಕೆ 15 ಟನ್ನಿಗೂ ಜಾಸ್ತಿ. ಒಂದೇ ಸೈಟಿನಿಂದ ಇಷ್ಟು!

ಆಸ್ತಿ ಮಾರಿ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಆಧಾರ ವರ್ಷದ (ಇಳಿಕೆಯನ್ನು ಯಾವ ವರ್ಷಕ್ಕೆ ಹೋಲಿಸುತ್ತಾರೋ ಆ ವರ್ಷದ) ಅಂಕಿಯನ್ನೂ ತಿದ್ದಬೇಕು ಅಂತ ಹೊರಸೂಸುವಿಕೆ ಲೆಕ್ಕ ಹಾಕುವ ಜಾಗತಿಕ ನಿಯಮಾವಳಿಯಾದ ಜಿಎಚ್‌ಜಿ ಪ್ರೋಟೋಕಾಲ್ ಹೇಳುತ್ತದೆ. ಕಂಪನಿ ತಿದ್ದಿದೆ ಕೂಡ. ಆದರೆ ತಿದ್ದಿದ ಅಂಕಿ ಇರುವುದು ಕೊನೆಯ ಪುಟಗಳ ಕೋಷ್ಟಕದಲ್ಲಿ, ಸಣ್ಣ ಅಕ್ಷರದಲ್ಲಿ. ಮೊದಲ ಪುಟಗಳ ಗ್ರಾಫ್ ಹಳೆಯ ಅಂಕಿಯಿಂದಲೇ ಇಳಿಯುತ್ತದೆ. ಇದು ನನಗೆ ತುಂಬಾ ಬೇಸರ ತಂದ ವಿಷಯ. ನಿಜ ಗೊತ್ತಿದ್ದೂ ಹಿಂದಕ್ಕೆ ತಳ್ಳಿದ್ದಾರೆ ಅಲ್ವಾ?

ಕರೆಂಟಿನದ್ದೂ ಇದೇ ಕಥೆ. ಅದೇ ಪ್ರೋಟೋಕಾಲಿನ 2015ರ ಮಾರ್ಗಸೂಚಿ ಪ್ರಕಾರ ಸ್ಕೋಪ್ 2ಕ್ಕೆ ಎರಡು ಅಂಕಿ ಕೊಡಬೇಕು. ಒಂದು, ಆ ಗ್ರಿಡ್‌ನಿಂದ ನಿಜವಾಗಿ ಬರುವ ಕರೆಂಟಿನ ಸರಾಸರಿ ಲೆಕ್ಕ. ಇನ್ನೊಂದು, ಕೊಂಡ ಹಸಿರು ಪ್ರಮಾಣಪತ್ರ (ಬೇರೆಡೆ ತಯಾರಾದ ಸೋಲಾರ್, ಗಾಳಿ ಕರೆಂಟನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲು ಕೊಳ್ಳುವ ಪತ್ರ) ಮತ್ತು ಒಪ್ಪಂದಗಳನ್ನು ಸೇರಿಸಿದ ಲೆಕ್ಕ. ಮೊದಲ ಪುಟಗಳಲ್ಲಿ ಸಿಗುವುದು ಎರಡನೆಯದು ಮಾತ್ರ. ಹೊಸ ಸೋಲಾರ್ ಘಟಕ ಕಟ್ಟಲು ನೆರವಾಗುವ ದೀರ್ಘಾವಧಿ ಒಪ್ಪಂದಕ್ಕೂ ಸುಮ್ನೆ ಕೊಂಡಿಟ್ಟ ಪ್ರಮಾಣಪತ್ರಕ್ಕೂ ಅಜಗಜಾಂತರ ಇದೆ. ಯಾವುದು ಎಷ್ಟು ಅಂತ ಬಿಡಿಸಿ ಹೇಳಿಲ್ಲ.

ಪ್ರತಿ ಜಿಬಿಗೆ ಹೊರಸೂಸುವಿಕೆ ಇಳಿದಿದೆ ಅನ್ನುವ ಪುಟವನ್ನು ಬೇಗ ದಾಟಿಬಿಡಿ. ಡೇಟಾ ಬಳಕೆ ಅಷ್ಟು ಏರುತ್ತಿರುವಾಗ ಆ ಅಂಕಿ ಇಳಿಯಲೇಬೇಕು. ನೋಡಬೇಕಾದದ್ದು ಒಟ್ಟು ಟನ್.

ಮೆಚ್ಚಿದ್ದೂ ಇದೆ, ಮನಸಾರೆ ಹೇಳುತ್ತೇನೆ. ಮೊಬೈಲ್ ನೆಟ್‌ವರ್ಕ್ ತಿನ್ನುವ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಹೋಗುವುದು ಟವರ್ ಸೈಟಿನ ರೇಡಿಯೋ ಉಪಕರಣಗಳ ಕಡೆಗೆ. ಕೆಲಸ ಅಲ್ಲೇ ನಡೆದಿದೆ. ಉಪಕರಣ ಇಡುವ ಹಳೆಯ ಕೋಣೆಗಳಾದ ಶೆಲ್ಟರ್‌ಗಳನ್ನು ತೆಗೆದು, ಎಸಿ ಬೇಡದ ಹೊರಾಂಗಣ ಉಪಕರಣ ಹಾಕುತ್ತಿದ್ದಾರೆ. ಶೆಲ್ಟರ್ ಒಳಗೆ ಹಗಲೂ ರಾತ್ರಿ ಎಸಿ ಓಡುವುದನ್ನು ಕಂಡವನಿಗೆ ಇದರ ಬೆಲೆ ಗೊತ್ತು. ಜನ ಮಲಗಿದ ಹೊತ್ತಿನಲ್ಲಿ ಕೆಲವು ತರಂಗಾಂತರ ಬ್ಯಾಂಡ್‌ಗಳನ್ನು ಮಲಗಿಸುವ ವ್ಯವಸ್ಥೆಯೂ ಬಂದಿದೆ. ಲಿಥಿಯಂ ಬ್ಯಾಟರಿ ಬಂದ ಮೇಲೆ ಜನರೇಟರ್ ಇಡೀ ಹೊತ್ತು ಅರೆಹೊಟ್ಟೆಯಲ್ಲಿ ಓಡಬೇಕಿಲ್ಲ. ಕಡಿಮೆ ಲೋಡಿನಲ್ಲಿ ಓಡಿದರೆ ಪ್ರತಿ ಯೂನಿಟ್‌ಗೆ ಡೀಸೆಲ್ ಜಾಸ್ತಿ ಬೇಕು, ಎಂಜಿನ್ನಿಗೂ ಕೆಟ್ಟದ್ದು. ಈಗ ಸ್ವಲ್ಪ ಹೊತ್ತು ಪೂರ್ತಿ ಲೋಡಿನಲ್ಲಿ ಓಡಿ ಬ್ಯಾಟರಿ ತುಂಬಿಸಿ ನಿಲ್ಲುತ್ತದೆ. ಈ ಭಾಗ ಬರೆದವರು ಸೈಟ್ ನೋಡಿದವರೇ ಇರಬೇಕು.

ಬಾಡಿಗೆ ಟವರ್‌ಗಳನ್ನೂ ಸೇರಿಸಿ ಒಟ್ಟು ಎಷ್ಟು ಲೀಟರ್ ಡೀಸೆಲ್ ಉರಿದಿದೆ ಅಂತ ಕಂಪನಿಗೆ ಬರೆದು ಕೇಳಿದೆ. ಮರ್ಯಾದೆಯ ಉತ್ತರ ಬಂತು, ಅಂಕಿ ಬರಲಿಲ್ಲ.

5ಕ್ಕೆ 3 ಕೊಡುತ್ತೇನೆ. ಆ ಮೂರೂ ಸೈಟ್ ಕೆಲಸಕ್ಕೆ. ಸ್ಕೋಪ್ 3ಕ್ಕೆ 2030ರ ಗುರಿ ಇಟ್ಟು, ತಿದ್ದಿದ ಕೋಷ್ಟಕವನ್ನು ಮೊದಲ ಪುಟಗಳಿಗೆ ತಂದು, ಡೀಸೆಲ್ ಲೀಟರ್ ಲೆಕ್ಕವನ್ನು ಟವರ್ ಕಂಪನಿಯಿಂದ ತರಿಸಿ ಹಾಕಿದರೆ ನಾಲ್ಕು ಕೊಡಲು ನನ್ನ ಅಡ್ಡಿಯಿಲ್ಲ.